ನಾಳೆಗೂ ಬಿದ್ದ ಸರಿ ಗುರುತು

ಇನ್ನೂ ನಸುಕು. ಶಾಲೆಯ ಕಾವಲುಗಾರ ಗೇಟು ತೆರೆದು ಆಕಳಿಸುತ್ತಿರುವಾಗಲೇ ಶಿಕ್ಷಕರ ಕೊಠಡಿಯಲ್ಲಿ ದೀಪ ಹತ್ತುತ್ತದೆ. ಸ್ಕೇಲು ಒತ್ತಿ ಹಿಡಿದು ಚೌಕ ಎಳೆಯುತ್ತಿರುವ ಈ ಹೆಂಗಸನ್ನು ಮಕ್ಕಳು ಕರೆಯುವುದು ಹಾಳೆ ಟೀಚರ್ ಎಂದು. ಝೆರಾಕ್ಸ್ ಯಂತ್ರ ಕೈಕೊಟ್ಟು ಎರಡು ತಿಂಗಳು. ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ಅವರ ಬಾಯಿ ಒಣಗಿದೆ.

ಹಾಳೆ ಎಂದರೆ ಒಪ್ಪಂದ. ತರಗತಿಯಲ್ಲಿ ಹೊಡೆದಾಡುವ, ಕಿರುಚುವ ಮಗುವಿನ ಜತೆ ಕೂತು, ಯಾವ ನಡತೆ ಬದಲಾಗಬೇಕು, ಬದಲಾದರೆ ಏನು ಸಿಗುತ್ತದೆ ಎಂದು ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಪ್ರತಿ ಪೀರಿಯಡ್ ಮುಗಿದಾಗ ಪಾಠ ಮಾಡಿದವರು ಸರಿ ಅಥವಾ ತಪ್ಪು ಗುರುತು ಹಾಕಬೇಕು. ಈಗ ಹನ್ನೊಂದು ಮಕ್ಕಳು, ಏಳು ಪೀರಿಯಡ್. ದಿನಕ್ಕೆ ಎಪ್ಪತ್ತೇಳು ಚೌಕ. ಹತ್ತೊಂಬತ್ತು ವರ್ಷದಿಂದ ಇದೇ ಪಾಡು.

"ಮಕ್ಕಳು ಸುಲಭ ಕಣ್ರೀ. ದೊಡ್ಡೋರ ಹತ್ರ ಗುರುತು ಹಾಕಿಸೋದಿದೆಯಲ್ಲ, ಅದಕ್ಕೇ ಜೀವ ಹೋಗೋದು," ಎನ್ನುತ್ತಾರೆ ಟೀಚರ್.

ನನಗೂ ಒಂದು ಹಾಳೆ ಮಾಡು ಎಂದು ಗಂಡ ಚುಡಾಯಿಸಿದರೆ, ಮದುವೆ ದಿನವೇ ಮಾಡಿದ್ದೆ, ನೀವು ಓದಲಿಲ್ಲ ಎನ್ನುತ್ತಾರಂತೆ.

ಈ ವರ್ಷ ಅವರ ತಲೆ ತಿಂದವಳು ಆರನೇ ತರಗತಿಯ ಹುಡುಗಿ. ಸಿಟ್ಟು ಮೂಗಿನ ತುದಿಯಲ್ಲೇ. ಕೈಗೆ ಸಿಕ್ಕಿದ್ದನ್ನು ಎಸೆಯುವುದರಿಂದ ಸಹಪಾಠಿಗಳಿಟ್ಟ ಹೆಸರು ಕವಣೆ. ನಾಲ್ಕು ವಾರದಲ್ಲಿ ನೂರಕ್ಕೆ ಎಂಬತ್ತು ಸರಿ ಬೀಳದಿದ್ದರೆ ಶಾಲೆ ಬಿಡಿಸುವುದಾಗಿ ಮುಖ್ಯೋಪಾಧ್ಯಾಯಿನಿ ಖಡಾಖಂಡಿತ ಹೇಳಿದ್ದಾರೆ.

ಕೊನೆಯ ವಾರದ ಗುರುವಾರ ಕವಣೆ ಆ ಇಡೀ ವಾರದ ಹಾಳೆ ಹಿಡಿದು ಬರುತ್ತಾಳೆ. ಗಣಿತದ ಮೇಷ್ಟರು ಸಾಲಿಗೆ ಸಾಲೇ ಸರಿ ಎಳೆದಿದ್ದಾರೆ.

"ಟೀಚರ್, ಮಂಗಳವಾರ ನಾನು ಕಂಪಾಸ್ ಬಾಕ್ಸ್ ಎಸೆದಿದ್ದೆ. ಅದಕ್ಕೂ ಸರಿ ಹಾಕಿದಾರೆ. ನಾಳೆಗೂ ಹಾಕಿಬಿಟ್ಟಿದಾರೆ. ನಾಳೆ ಹೆಂಗಿರ್ತೀನೋ ನಂಗೇ ಗೊತ್ತಿಲ್ಲ."

ಮೇಷ್ಟರನ್ನು ಕೇಳಿದರೆ, ಮಗುವಿಗೆ ಒಳ್ಳೆಯದೇ ಆಯಿತಲ್ಲ, ನಾನು ಪಾಠ ಮಾಡಲೋ ಚೌಕ ತುಂಬಲೋ ಎಂಬ ಉತ್ತರ. ಟೀಚರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸುಮ್ಮನಿದ್ದರೆ ಹುಡುಗಿ ಉಳಿಯುತ್ತಾಳೆ. ತಿದ್ದಿದರೆ ಎಂಬತ್ತು ಮುಟ್ಟುವುದಿಲ್ಲ. ಅವರು ಯೋಚಿಸುತ್ತಿರುವಾಗಲೇ ಕವಣೆ ಪೆನ್ನು ಇಸಿದುಕೊಂಡು ಮಂಗಳವಾರಕ್ಕೆ ತಪ್ಪು ಹಾಕಿ, ಶುಕ್ರವಾರದ ಗುರುತನ್ನು ಹೊಡೆದುಹಾಕುತ್ತಾಳೆ.

ಆ ಹಾಳೆಯನ್ನೇ ಟೀಚರ್ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಡುತ್ತಾರೆ. "ಸುಳ್ಳು ಸರಿ ನಂಗೆ ಬೇಡ ಅಂದ ಮಗು ಬದಲಾಗಿಲ್ಲ ಅಂತ ಹೆಂಗೆ ಹೇಳ್ತೀರಿ, ಮೇಡಂ?"

ಇನ್ನೂ ನಾಲ್ಕು ವಾರ ಸಿಗುತ್ತದೆ. ಎಸೆತ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಗಣಿತದ ಮೇಷ್ಟರೂ ದಿನದಿನವೇ ಗುರುತು ಹಾಕುತ್ತಾರೆ. ಹಾಕುವ ತನಕ ಕವಣೆ ಅವರನ್ನು ಬಾಗಿಲು ದಾಟಲು ಬಿಡುವುದಿಲ್ಲ.

ಟೀಚರ್‌ಗೆ ಪ್ರಶಸ್ತಿ ಗಿಶಸ್ತಿ ಏನೂ ಬೇಡವಂತೆ. "ಒಂದೇ ಒಂದು ವಾರ, ನಾನು ಯಾರ ಬೆನ್ನಿಗೂ ಬೀಳದೆ ಎಲ್ಲಾ ಚೌಕ ತುಂಬಿ ಬಂದ್ರೆ ಸಾಕು. ತಪ್ಪೇ ಹಾಕ್ಲಿ ಬಿಡಿ. ಮಗೂನ ನೋಡಿ ಹಾಕ್ಲಿ."