ಹಸಿರು ಪರದೆಯ ಕೆಳಗಿನ ಪೈರು

ಪಿಳ್ಳಮ್ಮನ ಟೊಮೇಟೊ ಪೈರಿಗೆ ಹೊಸಕೋಟೆಯವರೆಗೂ ಹೆಸರಿತ್ತು. ರಾಮಮೂರ್ತಿನಗರದ ಹಿಂದೆ ಅವರ ಹೊಲವೆಲ್ಲ ಸೈಟುಗಳಾಗಿ ಹೋಗಿ, ಬೋರ್‌ವೆಲ್ ಸುತ್ತಲಿನ ಎಂಟು ಗುಂಟೆ ಮಾತ್ರ ಉಳಿದಿತ್ತು. ಅಲ್ಲೇ ಬೀಜ ಬಿತ್ತಿ, ಇಪ್ಪತ್ತೈದು ದಿನ ಸಾಕಿ, ನಾಟಿಗೆ ಬಂದ ಪೈರನ್ನು ರೈತರಿಗೆ ಮಾರುತ್ತಿದ್ದಳು. ಜೊತೆಗಿದ್ದವಳು ಓರಗಿತ್ತಿ ಆಂಜನಮ್ಮ. ಗಂಡ ತೀರಿಕೊಂಡು ಆರು ವರ್ಷವಾಗಿದ್ದ ಅವಳಿಗೆ ಆ ಪೈರೇ ಬದುಕು. ನೀರು ಹಾಕುವುದು ಪೂರ್ತಿ ಅವಳ ಕೆಲಸ. ಎಳೆಯ ಕಾಂಡ ಬಾಗದಂತೆ ಡಬ್ಬಿಯನ್ನು ನೆಲಕ್ಕೆ ಹತ್ತಿರ ಹಿಡಿದು, ಸಾಲು ಸಾಲಾಗಿ ಹಾಕುತ್ತಿದ್ದಳು.

2003ರ ಬೇಸಿಗೆಯಲ್ಲಿ ಬಿಸಿಲು ಜೋರಾಯಿತು. ಪಿಳ್ಳಮ್ಮನ ಗಂಡ ಮುನಿಆಂಜನಪ್ಪ ಶಿವಾಜಿನಗರದಿಂದ ದಟ್ಟ ಹಸಿರು ಪರದೆ ತಂದು, ಎರಡು ಪದರ ಮಾಡಿ ಪೈರಿನ ಮೇಲೆ ನೆರಳಿಗೆ ಕಟ್ಟಿದ. ಒಂದು ಮೂಲೆಗೆ ಸಾಲಲಿಲ್ಲ. ಶಾಮಿಯಾನ ಬಾಡಿಗೆಗೆ ಕೊಡುವ ಅಹ್ಮದ್ ಪಾಷಾನ ಹತ್ತಿರ ಸವೆದು ತೆಳ್ಳಗಾದ ಕೆಂಪು ಬಟ್ಟೆ ಕೇಳಿ ತಂದು ಅಲ್ಲಿಗೆ ಹೊದಿಸಿದ.

ಹಸಿರು ಪರದೆಯ ಕೆಳಗೆ ಪೈರು ಎರಡೇ ವಾರಕ್ಕೆ ಗೇಣುದ್ದ ಎದ್ದಿತು. ಎಲ್ಲರಿಗೂ ಖುಷಿ. ಮೂರನೇ ವಾರ ಬುಡ ಕಪ್ಪಾಗಿ, ಕಾಂಡ ನೂಲಿನಂತೆ ಸೊರಗಿ, ಗಿಡಗಳು ಒಂದರ ಮೇಲೊಂದು ಮಲಗಿಬಿಟ್ಟವು. ಪೈರು ಒಯ್ಯಲು ಬಂದಿದ್ದ ರೈತರು ಸುತ್ತ ನಿಂತಿದ್ದರು. ಪಿಳ್ಳಮ್ಮನಿಗೆ ಅವಮಾನದಿಂದ ಮೈ ಉರಿಯಿತು.

"ಎಷ್ಟು ನೀರು ಸುರಿದೆ?" ಎಂದು ಓರಗಿತ್ತಿಯ ಮೇಲೆ ಎಗರಿದಳು.

"ದಿನಾ ಹಾಕೋಷ್ಟೇ ಹಾಕಿದ್ದು ಅಕ್ಕ."

"ಹಾಗಾದ್ರೆ ನಿನ್ನ ಕೈಗುಣಾನೇ ಅಂಥದ್ದು. ಗಂಡನ್ನೂ ಉಳಿಸ್ಕೊಳ್ಳಲಿಲ್ಲ, ಪೈರನ್ನೂ ಉಳಿಸಲಿಲ್ಲ!"

ಆಂಜನಮ್ಮ ನೀರಿನ ಡಬ್ಬಿ ಕೆಳಗಿಟ್ಟು ಹೊರಟುಹೋದಳು. ಮರುವಾರದಿಂದ ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ ಅಡುಗೆಗೆ ಸೇರಿಕೊಂಡಳು. ಪಿಳ್ಳಮ್ಮನ ಆ ಮಾತು ಅಲ್ಲಿಗೇ ನಿಲ್ಲದೆ ಬೀದಿಗೆಲ್ಲ ಹರಡಿತು. ಎದುರು ಮನೆಯ ದೊಡ್ಡಮುನಿಯಮ್ಮ ಮೊಮ್ಮಗನ ನಾಮಕರಣಕ್ಕೆ ಬೀದಿಯವರನ್ನೆಲ್ಲ ಕರೆದು, ಆಂಜನಮ್ಮನ ಬಾಗಿಲು ಮಾತ್ರ ದಾಟಿ ಹೋದಳು.

ಮತ್ತೆ ಬಿತ್ತಿದ ಪೈರಿಗೆ ಪಿಳ್ಳಮ್ಮ ತಾನೇ ಅಳೆದು ನೀರು ಹಾಕಿದಳು. ಅದೂ ಎತ್ತರವಾಗಿ ಎದ್ದು, ಅದೂ ಮಲಗಿತು. ಈ ಸಲ ಡಬ್ಬಿ ಹಿಡಿದಿದ್ದು ಅವಳದೇ ಕೈ. ಅವಳು ಪೈರಿನ ಮಡಿಯ ಬದಿಯಲ್ಲೇ ಕೂತಳು. ಆಗ ಕಣ್ಣು ಕೆಂಪು ಬಟ್ಟೆಯ ಮೂಲೆಗೆ ಹೋಯಿತು. ಅಲ್ಲಿನ ಪೈರು ಗಿಡ್ಡವಾಗಿ, ದಪ್ಪ ಕಾಂಡದಿಂದ ನೆಟ್ಟಗೆ ನಿಂತಿತ್ತು. ಹೋದ ಸಲವೂ ಆ ಮೂಲೆ ಉಳಿದಿದ್ದು ನೆನಪಾಯಿತು. ಅವತ್ತು ಸಿಟ್ಟಿನಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತೋಟಗಾರಿಕೆ ಕಚೇರಿಯ ಮೇಡಂ ಒಬ್ಬರಿಗೆ ಎರಡೂ ಬಗೆಯ ಪೈರು ಒಯ್ದು ತೋರಿಸಿದಳು.

"ಬೆಳಕಿನ ಬಣ್ಣ ಗಿಡಕ್ಕೆ ಗೊತ್ತಾಗುತ್ತಮ್ಮ," ಎಂದರು ಅವರು. "ಹಸಿರು ಪರದೆ ಕೆಳಗೆ, ಬೇರೆ ಗಿಡದ ನೆರಳಲ್ಲಿ ಸಿಕ್ಕಿಹಾಕ್ಕೊಂಡ ಹಾಗೆ ಬೆಳಕು ಹುಡುಕ್ತಾ ಉದ್ದ ಆಗುತ್ತೆ. ಕಾಂಡ ಮೆತ್ತಗಿರುತ್ತೆ, ರೋಗ ತಡ್ಕೊಳ್ಳೋ ಶಕ್ತಿ ಇರಲ್ಲ. ಕೆಂಪು ಬೆಳಕಲ್ಲಿ ಗಟ್ಟಿಯಾಗುತ್ತೆ. ಆದ್ರೆ ನಿಮ್ಮದು ಎರಡು ಪದರ, ನೆರಳೂ ಜಾಸ್ತಿ ಆಗಿರ್ಬಹುದು. ಪಕ್ಕಪಕ್ಕ ಬೆಳೆಸಿ ನೋಡಿ."

ಪಿಳ್ಳಮ್ಮ ಹಾಗೇ ಮಾಡಿದಳು. ಒಂದೇ ಬೀಜ, ಒಂದೇ ಮಣ್ಣು, ಒಂದೇ ಚೊಂಬಿನಲ್ಲಿ ಅಳೆದ ನೀರು. ಹಸಿರು ಪರದೆಯನ್ನು ಒಂದೇ ಪದರಕ್ಕೆ ಇಳಿಸಿದಳು. ಆದರೂ ಇಪ್ಪತ್ತನೇ ದಿನಕ್ಕೆ ಅದರ ಕೆಳಗಿನ ಪೈರು ಅರ್ಧಕ್ಕರ್ಧ ಮಲಗಿತ್ತು. ಕೆಂಪು ಬಟ್ಟೆಯ ಕೆಳಗೆ ಸತ್ತಿದ್ದು ನಾಲ್ಕೇ.

ಅವತ್ತೇ ಜೀವನ್ ಬಿಮಾ ನಗರಕ್ಕೆ ಹೋಗಿ, ಆ ಮನೆಯ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಆಂಜನಮ್ಮನ ಮುಂದೆ ನಿಂತಳು.

"ನಿನ್ನ ತಪ್ಪಲ್ಲ ಕಣೇ ಆಂಜನಿ. ಪರದೆ ಬಣ್ಣದ್ದು. ನಾನೇ ಬೆಳೆಸಿ ನೋಡ್ದೆ. ಕೆಲಸಕ್ಕೆ ವಾಪಸ್ ಬಾ."

ಆಂಜನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕೈ ಮಾತ್ರ ಸೊಪ್ಪು ಬಿಡಿಸುತ್ತಲೇ ಇತ್ತು.

"ಬಣ್ಣದ್ದು ಅಂತ ಗೊತ್ತಾಗದೇ ಇದ್ದಿದ್ರೆ, ನನ್ನ ಕೈಗುಣ ಅಂತಾನೇ ಇರ್ತಿತ್ತಲ್ಲ ಅಕ್ಕ?"

ಪಿಳ್ಳಮ್ಮ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡಳು.

"ನಿನ್ನ ಮೇಲೆ ಸಿಟ್ಟಿಲ್ಲ," ಎಂದಳು ಆಂಜನಮ್ಮ. "ಆದ್ರೆ ಆ ಪೈರಿಗೆ ಇನ್ನು ನನ್ನ ಕೈಲಿ ನೀರು ಹಾಕಕ್ಕಾಗಲ್ಲ. ಒಂದು ಗಿಡ ಒಣಗಿದ್ರೂ ಎದೆ ಹೊಡ್ಕೊಳ್ಳುತ್ತೆ."

ಪಿಳ್ಳಮ್ಮ ಹಸಿರು ಪರದೆ ಬಿಚ್ಚಿಸಿ ಕೆಂಪು ಬಟ್ಟೆ ಹೊದಿಸಿದಳು. ಪೈರು ಮೊದಲಿನಂತೆ ಗಟ್ಟಿಯಾಗಿ ಬಂತು. ಆಂಜನಮ್ಮನನ್ನು ಬೈದ ದಿನ ಅಲ್ಲಿದ್ದ ರೈತರು ಬಂದಾಗೆಲ್ಲ, ಅವರು ಕೇಳದಿದ್ದರೂ, "ಆಂಜನಿಗೆ ನಾನು ಅಂದಿದ್ದು ತಪ್ಪು" ಎಂದು ಬಾಯಿಬಿಟ್ಟು ಹೇಳಿದಳು. ಕೆಲವರು ತಲೆಯಾಡಿಸಿದರು. ಕೆಲವರಿಗೆ ಆ ಮಾತೇ ಮರೆತುಹೋಗಿತ್ತು. ದೊಡ್ಡಮುನಿಯಮ್ಮನಿಗೂ ಹೋಗಿ ಹೇಳಿದಳು.

"ಬಣ್ಣವಂತೆ, ಬೆಳಕಂತೆ!" ಎಂದು ಅವಳು ನಕ್ಕಳು. "ನೀನೇ ತಾನೆ ಎಲ್ಲರ ಮುಂದೆ ಅಂದಿದ್ದು?"

ಎರಡು ವರ್ಷದ ಮೇಲೆ ದೊಡ್ಡಮುನಿಯಮ್ಮನ ಮನೆಯಲ್ಲಿ ಮತ್ತೊಂದು ನಾಮಕರಣವಾಯಿತು. ಆಂಜನಮ್ಮನನ್ನು ಆಗಲೂ ಕರೆಯಲಿಲ್ಲ. ಪಿಳ್ಳಮ್ಮನನ್ನು ಕರೆದಿದ್ದರು. ಅವಳು ಹೋಗಲಿಲ್ಲ.