ಸೀಟಿನ ಮ್ಯಾಲಿನ ಟವೆಲ್

ವಿಮಾನದಾಗ ಜೋಡಿ ಕೂಡಬೇಕಂದ್ರ ಬ್ಯಾರೆ ರೊಕ್ಕ ಕೊಡಬೇಕು. ನಾ ಗೊಣಗಿಕೋತ ಕೊಟ್ಟು ಹೆಂಡತಿ ಬಾಜೂಕ ಕುಂತಿದ್ದೆ. ಮುಂದಿನ ಸಾಲಿನ ನಮ್ಮೂರ ಕಮತಗಿ ಕಾಕಾ ಕೊಟ್ಟಿರಲಿಲ್ಲ; ಅವರ ಹೆಂಡತಿ ಕಾಕೂಗ ಹಿಂದ ಎಲ್ಲೋ ಸೀಟು ಬಂದಿತ್ತು. ಕಾಕಾ ಏನ್ ಮಾಡಿದರು, ಹುನಗುಂದ ಬಸ್ಸಿಗೆ ಕಿಡಕಿಯಿಂದ ಟವೆಲ್ ಒಗದು ಸೀಟು ಹಿಡದಂಗ, ಬಾಜೂದ ಖಾಲಿ ಸೀಟಿನ ಮ್ಯಾಲ ತಮ್ಮ ಟವೆಲ್ ಹಾಸಿದರು.

"ಕಾಕಾ, ಇಲ್ಲಿ ಟವೆಲ್ ನಡಿಯೂದಿಲ್ರಿ" ಅಂದೆ.

"ಯಾಕ ನಡಿಯೂದಿಲ್ಲೋ ತಮ್ಮಾ?"

ಅಷ್ಟರಾಗ ಆ ಸೀಟಿನವ ಬಂದ. ಏನಾಕ್ಕೈತಿ ಅಂತ ನಾ ಕುತ್ತಿಗಿ ಚಾಚಿದೆ. ಅವ ಟವೆಲ್ ನೋಡಿ, "ಯಾರರ ಬರೋರದಾರೇನ್ರಿ?" ಅಂದ.

"ಹೌದ್ರಿ, ನಮ್ಮ ಮನಿಯವರು. ಅಲ್ಲಿ ಹಿಂದ ಕುಂತಾರ."

ಅವ ಸುಮ್ನ ಹಿಂದ ಹೋಗಿ, ಕಾಕೂನ ಮುಂದ ಕಳಿಸಿ, ಅವರ ಸೀಟಿನಾಗ ಕುಂತ. ಕೇಳಿದ ಧಾಟಿ ನೋಡಿದ್ರ, ಅವನೂ ನಮ್ಮ ಕಡಿಯವನ.

ಹೆಂಡತಿ ನನ್ನ ಹೆಗಲ ಮ್ಯಾಲಿನ ಟವೆಲ್ ಅಷ್ಟ ನೋಡಿದಳು.