ತಾರೀಕು ಬಂದಾಗ ದನಿ ಹೋಗುತ್ತದೆ

ಕಳೆದ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಆಧಾರ: ನನ್ನ ಕಂಪ್ಯೂಟರಿನ ಗಡಿಯಾರ (ಗೋಡೆ ಗಡಿಯಾರ ಎರಡು ನಿಮಿಷ ಮುಂದಿರುವುದರಿಂದ ಅದನ್ನು ಕೈಬಿಟ್ಟಿದ್ದೇನೆ).

ಆ ಕ್ಷಣದಲ್ಲಿ ಮೊಯ್ದಿನಬ್ಬ ಹಾಜಿಯವರ ದನಿ ಮಾಯವಾಯಿತು.

ಹಾಜಿಯವರು ಕಂಕನಾಡಿಯಲ್ಲಿ ಹಗ್ಗದ ಅಂಗಡಿ ನಡೆಸಿದವರು. ಹಳೆಯ ವ್ಯಾಪಾರಿಗಳ ಕುರಿತ ನನ್ನ ಪುಸ್ತಕಕ್ಕಾಗಿ ಅವರ ಮಾತುಗಳನ್ನು ಕಳೆದ ವರ್ಷ ರೆಕಾರ್ಡ್ ಮಾಡಿಕೊಂಡಿದ್ದೆ. ಅಂಗಡಿಯ ಬೋರ್ಡಿನಲ್ಲಿರುವ ಸ್ಥಾಪನೆಯ ವರ್ಷಕ್ಕೂ ಹಳೆಯ ಲೈಸೆನ್ಸಿನ ವರ್ಷಕ್ಕೂ ಮೂರು ವರ್ಷಗಳ ಅಂತರ. ಯಾವುದು ಸರಿ? ಹಾಜಿಯವರೇ ಹೇಳಬೇಕು. ಶನಿವಾರ ಪುಸ್ತಕ ಪ್ರೆಸ್ಸಿಗೆ ಹೋಗಬೇಕು.

"ನಾನು ಅಂಗಡಿಯ ಬಾಗಿಲು ತೆರೆದದ್ದು..." ಎಂದರು ರೆಕಾರ್ಡಿಂಗಿನಲ್ಲಿ. ಮುಂದೆ ಮೌನ.

ಹಿಂದೆ ಸರಿಸಿ ಮತ್ತೆ ಕೇಳಿದೆ. ಐದು ಸಲವೂ ಅಲ್ಲೇ ಮೌನ. ಪರದೆಯ ಮೇಲೆ ಮಾತಿನ ಗೆರೆ ಓಡುತ್ತಲೇ ಇತ್ತು. ಸ್ಪೀಕರ್ ಸರಿಯಾಗಿತ್ತು, ವಾರ್ತೆ ಹಾಕಿದರೆ ಕೇಳಿಸುತ್ತಿತ್ತು. ಬಂಗುಡೆ ಮೀನಿನ ಕುರಿತು, ಮಳೆಯ ಕುರಿತು ಹಾಜಿಯವರು ಧಾರಾಳವಾಗಿ ಮಾತನಾಡುತ್ತಿದ್ದರು. ತಾರೀಕು ಬಂದಾಗ ಮಾತ್ರ ಬಾಯಿ ಬಂದ್. ಇದು ಆಕಸ್ಮಿಕವೇ?

ಈ ಸಾಫ್ಟ್‌ವೇರ್ ಬರೆದುಕೊಟ್ಟವಳು ಸಫಿಯಾ. ಕಾಟಿಪಳ್ಳದವಳು; ಹಾಜಿಯವರ ಮೊಮ್ಮಗಳು. ರೆಕಾರ್ಡಿಂಗ್ ಕೇಳುತ್ತ ಪಕ್ಕದಲ್ಲೇ ಟಿಪ್ಪಣಿ ಬರೆಯಲು ಅನುಕೂಲವಾಗಲೆಂದು ಪ್ರೀತಿಯಿಂದ ಮಾಡಿಕೊಟ್ಟಿದ್ದಳು. ಅದರಲ್ಲಿ ನಾನು ಕೇಳುತ್ತಿದ್ದ ಮೊದಲ ರೆಕಾರ್ಡಿಂಗ್ ಇದು. ಬೋರ್ಡಿನ ವರ್ಷ ಸುಳ್ಳಾದರೆ ಮುಜುಗರ ಯಾರ ಮನೆಗೆ? ನಾನು ಎರಡು ಮತ್ತೆರಡನ್ನು ಕೂಡಿಸಿದೆ. ಹಾಜಿಯವರಿಗೆ ಫೋನ್ ಮಾಡಿದೆ.

"ಹಾಜಿಯವರೇ, ನಿಮ್ಮ ಮೊಮ್ಮಗಳು ನಿಮ್ಮ ಬಾಯಿ ಮುಚ್ಚಿಸಿದ್ದಾಳೆ."

"ಎಂತ ಮಾಸ್ಟ್ರೇ? ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೇ ಅದು ಆಗ್ಲಿಲ್ಲ."

ವಿವರಿಸಿದೆ. ಅವರ ನಗು ನಿಂತಿತು. "ಆ ಹುಡುಗಿ ಹಾಗೆ ಮಾಡಿದ್ದಾ?" ಎಂದು ಕೇಳಿ ಫೋನ್ ಇಟ್ಟರು.

ನಾನು ಕರೆದಿದ್ದರಿಂದ ಮಧ್ಯಾಹ್ನ ಸಫಿಯಾ ಸ್ಕೂಟರಿನಲ್ಲಿ ಉರ್ವದ ನಮ್ಮ ಮನೆಗೆ ಬಂದಳು. ಚಹಾ ಬೇಡವೆಂದಳು. ನೇರವಾಗಿ ಕೋಡ್ ತೆರೆದಳು.

"ಇಲ್ಲಿ ನೋಡಿ ಸರ್. ಸ್ಪೀಕರಿಗೆ ಹೋಗುವ ದನಿಗೆ ಒಂದು ಅಳತೆ ಉಂಟು. ಒಂದು ಅಂದ್ರೆ ಪೂರ್ತಿ, ಸೊನ್ನೆ ಅಂದ್ರೆ ಬಂದ್. ನೀವು ತಾರೀಕು ಬರೆಯುವ ಬಾಕ್ಸ್ ಒತ್ತಿದ ಕೂಡ್ಲೆ ಸೊನ್ನೆ ಆಗ್ತದೆ. ಬಾಕ್ಸ್ ಬಿಟ್ರೆ ವಾಪಸ್ ಬರ್ತದೆ."

"ಹಾಗೆ ಮಾಡಲು ಯಾರು ಹೇಳಿದರು?"

"ನೀವೇ. ತಾರೀಕನ್ನು ಮೊದ್ಲು ಕಾಗದ ನೋಡಿ ಬರೀಬೇಕು, ಅಷ್ಟರವರೆಗೆ ಕಿವಿಗೆ ಬೀಳ್ಬಾರ್ದು ಅಂತ."

ತತ್ವ ನನ್ನದೇ, ಒಪ್ಪಿದೆ. ಮೂವತ್ತು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ಬೋಧಿಸಿದ್ದು ಅದನ್ನೇ. ಆದರೆ ದನಿ ನಿಲ್ಲಿಸಲು ನಾನು ಹೇಳಿಲ್ಲ ಎಂದೆ. (ತಾರೀಕಿನ ಸುಳಿವು ಸಿಕ್ಕಿದೊಡನೆ ನನ್ನ ಕೈ ತಾನಾಗಿ ಆ ಬಾಕ್ಸಿಗೆ ಹೋಗುತ್ತಿತ್ತು ಎಂಬುದು ನಿಜ.)

ಅವಳು ಮೌಸನ್ನು ನನ್ನ ಕೈಯಿಂದ ದೂರ ಸರಿಸಿ ರೆಕಾರ್ಡಿಂಗ್ ಹಾಕಿದಳು. ಹಾಜಿಯವರು ಲೈಸೆನ್ಸಿನ ವರ್ಷವನ್ನೇ ಸ್ಪಷ್ಟವಾಗಿ ಹೇಳಿದರು. "ಬೋರ್ಡಿನಲ್ಲಿ ಇರೋದು ಪೈಂಟರನ ತಪ್ಪು ಮಾಸ್ಟ್ರೇ. ಅವನಿಗೆ ಬೈದೆ, ಬೋರ್ಡ್ ಚಂದ ಇತ್ತು, ಬಿಟ್ಟೆ."

ಮುಚ್ಚಿಡಲು ಅಲ್ಲಿ ಏನೂ ಇರಲಿಲ್ಲ.

"ಅಜ್ಜನಿಗೆ ನೀವೇ ಹೇಳಿ ಸರ್," ಎಂದಳು ಸಫಿಯಾ ಬಾಗಿಲಲ್ಲಿ. "ಬೆಳಿಗ್ಗಿಂದ ನನ್ನ ಹತ್ರ ಮಾತಾಡ್ಲಿಲ್ಲ."

ಅವಳು ಹೋದ ಮೇಲೂ ನನ್ನ ಸಂಶಯ ಹೋಗಲಿಲ್ಲ. ಅವಳ ಮಾತನ್ನು ಸುಳ್ಳಾಗಿಸುವ ಆಧಾರ ಸಿಗಬಹುದೆಂದೇ ನನ್ನ ದಿನಚರಿ ತೆರೆದೆ. ಎರಡು ತಿಂಗಳ ಹಿಂದಿನ ಒಂದು ಪುಟದಲ್ಲಿ, ನನ್ನದೇ ಕೈಬರಹ: 'ಸಫಿಯಾ ಮನೆಗೆ ಬಂದಿದ್ದಳು. ತಾರೀಕಿನ ಬಾಕ್ಸ್ ತೆರೆದಾಗ ದನಿ ಪೂರ್ತಿ ನಿಲ್ಲಲಿ ಎಂದೆ. ನಿಮಗೆ ಮರೆತುಹೋದೀತು, ಬೇಡ ಸರ್ ಎಂದು ಎರಡು ಸಲ ಹೇಳಿದಳು. ನಾನು ಒಪ್ಪಲಿಲ್ಲ.'

ಹಾಜಿಯವರಿಗೆ ಫೋನ್ ಮಾಡಿ ಅಷ್ಟನ್ನೂ ಓದಿ ಹೇಳಿದೆ. ಅವರು, "ಫೋನ್ ಇಡ್ತೇನೆ ಮಾಸ್ಟ್ರೇ, ಅವಳನ್ನು ಕರೀಬೇಕು," ಎಂದರು.

ದಾಖಲೆಯನ್ನು ನಾನು ಒಪ್ಪಿಕೊಂಡಿದ್ದೇನೆ. ನನ್ನ ನೆನಪಿನಲ್ಲಿ ಮಾತ್ರ, ದಿನಚರಿಯ ಆ ದಿನ ಸಫಿಯಾ ನಮ್ಮ ಮನೆಗೆ ಬಂದೇ ಇಲ್ಲ.